ಮದ್ರಾಸಿಗೆ ಕೊಟ್ಟ ಅತ್ತೆ



ನಮ್ಮ ಸೋದರತ್ತೆಯನ್ನು ಮದ್ರಾಸಿಗೆ ಕೊಟ್ಟಿದ್ದರು. ಹೀಗೆಂದರೆ ಈಗಿನವರು ಚೆನ್ನೈ ಎಂದುಕೊಳ್ಳುತ್ತಾರೆ. ಅಷ್ಟು ದೂರವೇನಲ್ಲ. ಯಳಂದೂರಿನ ಹುಡುಗಿಯನ್ನು ಕೊಳ್ಳೇಗಾಲ ದಾಟಿ, ಹನೂರಿನ ದಾರಿಯಲ್ಲಿ ಕಾಮಗೆರೆಯ ಆಚೆಗಿನ ಒಂದು ಸಣ್ಣ ಹಳ್ಳಿಗೆ ಕೊಟ್ಟಿದ್ದರು. ಗಾಡಿ ಕಟ್ಟಿದರೆ ಒಂದು ಹಗಲಿನ ದಾರಿ. ಆದರೆ ನಡುವೆ ಒಂದು ಗಡಿ ಇತ್ತು. ಯಳಂದೂರು ಮೈಸೂರು ಮಹಾರಾಜರ ಸೀಮೆ, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಊರು. ಕೊಳ್ಳೇಗಾಲ ಹಾಗಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಕುಂಪಣಿಯ ಪಾಲಾಗಿ, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿಹೋಗಿತ್ತು. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನದೇ ಒಂದು ಭಾಗ. ಹಾಗಾಗಿ ಅತ್ತೆಯ ಮದುವೆ ದಿಬ್ಬಣ ಬೆಳಿಗ್ಗೆ ಒಂದು ರಾಜ್ಯದಲ್ಲಿ ಹೊರಟು ಸಂಜೆ ಇನ್ನೊಂದು ರಾಜ್ಯದಲ್ಲಿ ಇಳಿಯಿತು.

ಗಡಿಯ ಎರಡು ಕಡೆಯೂ ಆಡುತ್ತಿದ್ದುದು ಕನ್ನಡವೇ. ಅದೇ ಮಾದಪ್ಪ, ಅದೇ ಬಿಳಿಗಿರಿರಂಗ, ಅದೇ ಉಪ್ಪುಸಾರು. ಕಾಗದಪತ್ರ ಮಾತ್ರ ಬೇರೆ. ಯಳಂದೂರಿನಲ್ಲಿ ಖಾತೆ, ಪಹಣಿ ಎನ್ನುತ್ತಿದ್ದರೆ ಅತ್ತೆಯ ಗಂಡನ ಮನೆಯಲ್ಲಿ ಪಟ್ಟಾ, ಅಡಂಗಲ್ ಎನ್ನುತ್ತಿದ್ದರು. 1956ರ ನವೆಂಬರ್ 1ಕ್ಕೆ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು, ಗಡಿ ಅಳಿಸಿತು. ನಮ್ಮಜ್ಜಿ ಮಾತ್ರ ಸಾಯುವವರೆಗೂ ಹಾಗೆ ಒಪ್ಪಲಿಲ್ಲ. ಯಾರಾದರೂ ಮಗಳ ವಿಷಯ ಕೇಳಿದರೆ, 'ನನ್ ಮಗಳ ಮದ್ರಾಸ್ಗ ಕೊಟ್ಟಿವಿ' ಎಂದೇ ಹೇಳುವರು. ಆ ಮಾತಿನಲ್ಲಿ ಅರ್ಧ ಕೊರಗು, ಅರ್ಧ ಜಂಬ.

ನಾನು ಹುಟ್ಟುವ ಹೊತ್ತಿಗೆ ಇದೆಲ್ಲ ಮುಗಿದ ಕಥೆ. ಅಪ್ಪ ಮೈಸೂರಿನಲ್ಲಿ ಕೆಲಸದಲ್ಲಿದ್ದರು. ಪರೀಕ್ಷೆ ಮುಗಿದ ಮಾರನೆಯ ದಿನವೇ ನಮ್ಮನ್ನು ಬಸ್ಸು ಹತ್ತಿಸಿಬಿಡುತ್ತಿದ್ದರು. ತಿರುಮಕೂಡಲು ನರಸೀಪುರ ದಾಟಿ ಕೊಳ್ಳೇಗಾಲ. ಅಲ್ಲಿ ಇಳಿದು ಹನೂರಿನ ಬಸ್ಸಿಗೆ ಕಾಯಬೇಕು. ಆ ಬಸ್ಸು ಯಾವಾಗ ಹೊರಡುತ್ತದೆ ಎಂಬುದು ಡ್ರೈವರಿಗೂ ಗೊತ್ತಿರುತ್ತಿರಲಿಲ್ಲ. ಮಧುವನಹಳ್ಳಿ, ದೊಡ್ಡಿಂದುವಾಡಿ, ಕಾಮಗೆರೆ ಎಂದು ಊರು ಎಣಿಸುತ್ತ ಕೂರುತ್ತಿದ್ದೆವು. ಕೊನೆಗೆ ಒಂದು ಹುಣಸೆಮರದ ಕೆಳಗೆ ಇಳಿದರೆ ಮಾವನ ಎತ್ತಿನ ಗಾಡಿ. ಗಾಡಿ ಬಲಕ್ಕೆ ಹೊರಳಿದ ಕೂಡಲೇ ಬಿಳಿಗಿರಿರಂಗನ ಬೆಟ್ಟ ಎದುರಿಗೆ ಬರುತ್ತಿತ್ತು. ಯಳಂದೂರಿನವರಿಗೆ ಕಾಣುವುದು ಬೆಟ್ಟದ ಮುಖ, ಆ ಬಿಳಿಯ ಬಂಡೆ, ಮೇಲೆ ದೇವಸ್ಥಾನ. ಅತ್ತೆಯ ಊರಿನವರಿಗೆ ಕಾಣುವುದು ಬೆನ್ನು. ಯಳಂದೂರಿನ ಅಜ್ಜನ ಮನೆಯಲ್ಲಿ ಸೂರ್ಯ ಬೆಟ್ಟದ ಹಿಂದಿನಿಂದ ತಡವಾಗಿ ಹುಟ್ಟುತ್ತಿದ್ದ. ಅತ್ತೆಯ ಮನೆಯಲ್ಲಿ ಅದೇ ಬೆಟ್ಟದ ಹಿಂದಕ್ಕೆ ಬೇಗ ಮುಳುಗುತ್ತಿದ್ದ. ಅತ್ತೆಗೆ ಈ ಲೆಕ್ಕ ಬಾಯಿಪಾಠ. ಸಂಜೆ ಬೆಟ್ಟದ ಕಡೆ ನೋಡಿ, 'ಈಗ ನಮ್ಮೂರ್ನಲ್ಲಿ ಇನ್ನೂ ಬಿಸಿಲದ' ಎನ್ನುವರು. 'ನಮ್ಮೂರು' ಎಂದರೆ ಕೊನೆಯವರೆಗೂ ಯಳಂದೂರೇ.

ಅತ್ತೆ ಕುಳ್ಳಗೆ, ಕಪ್ಪಗೆ, ಗಟ್ಟಿಮುಟ್ಟು. ಸೆರಗು ಸೊಂಟಕ್ಕೆ ಸಿಕ್ಕಿಸಿಯೇ ಇರುತ್ತಿತ್ತು. ಬಲಗೈ ಹೆಬ್ಬೆರಳು ಸೊಪ್ಪು ಕೊಯ್ದು ಕೊಯ್ದು ಕರಿಗಟ್ಟಿತ್ತು, ಎಷ್ಟು ತಿಕ್ಕಿದರೂ ಹೋಗದ ಕಪ್ಪು. ತಮ್ಮನ ಮಗಳಾದ್ದರಿಂದ ನಾನು ಸೊಸೆ. ಗಾಡಿ ಇಳಿಯುತ್ತಿದ್ದಂತೆ, 'ಬಂದ್ಯಾ ಸೊಸ? ನಿಮ್ಮಪ್ಪ ಬರ್ನಿಲ್ವಾ?' ಎಂದು ಕೇಳುವರು. ಅಪ್ಪ ಬರುವುದಿಲ್ಲ ಎಂದು ಅವರಿಗೂ ಗೊತ್ತು. ಆದರೂ ಪ್ರತಿ ಸಲವೂ ಅದೇ ಪ್ರಶ್ನೆ. ಆಮೇಲೆ ನನ್ನ ಕೈ ಹಿಡಿದು ನೋಡಿ, 'ಮೈಸೂರ್ನಲ್ಲಿ ಹಿಟ್ಟು ಉಣ್ಣಕಿಲ್ವಾ, ಹಿಂಗ್ ಒಣ್ಗೋಗಿದ್ದೈ' ಎಂದು ನಮ್ಮಮ್ಮನಿಗೆ ತಲುಪಬೇಕಾದ ಮಾತನ್ನು ನನಗೆ ಹೇಳುವರು. ತಮ್ಮನ ಹೆಂಡತಿಯ ಮೇಲೆ ಆಕೆಗಿದ್ದ ಒಂದೇ ದೂರು ಇದು. ಅದನ್ನೂ ನೇರವಾಗಿ ಹೇಳಿದವರಲ್ಲ.

ಊಟದ ವಿಷಯ ಹೇಳಲೇಬೇಕು. ಬೆಳಿಗ್ಗೆ ರಾತ್ರಿಯ ತಂಗಳ ಹಿಟ್ಟನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಕಚ್ಚಿಕೊಂಡು ಕುಡಿಯುವುದು. ಮಧ್ಯಾಹ್ನ ಬಿಸಿ ಹಿಟ್ಟು, ಹೊಲದ ಬದುವಿನಲ್ಲಿ ಸಿಕ್ಕ ಬೆರಕೆ ಸೊಪ್ಪಿನ ಸಾರು. ಕೀರೆ, ಅಣ್ಣೆ, ದಗ್ಗಲೆ ಎಲ್ಲ ಒಟ್ಟಿಗೆ ಮಡಿಲಲ್ಲಿ ಬರುತ್ತಿದ್ದವು. ಯಾವುದು ತಿನ್ನುವ ಸೊಪ್ಪು, ಯಾವುದು ಕಳೆ ಎಂದು ನಮಗೆ ಕಲಿಸಿದ್ದು ಅಲ್ಲೇ. ಅನ್ನ ಅಪರೂಪ. ಮೈಸೂರಿನ ಮಕ್ಕಳು ಬಂದಿದ್ದಾರೆಂದು ಮೊದಲ ದಿನ ಮಾತ್ರ ಅನ್ನ. ಎರಡನೆಯ ದಿನದಿಂದ ನಾವೂ ಮನೆಯವರೇ. ಈ ಮರ್ಯಾದೆ ನನಗೆ ಬಹಳ ಹಿಡಿಸುತ್ತಿತ್ತು.

ಆ ಮನೆಯಲ್ಲಿ ನಮಗಿಂತ ದೊಡ್ಡ ನೆಂಟರು ಬೇರೆ ಇದ್ದರು: ರೇಷ್ಮೆ ಹುಳುಗಳು.

ಕೊಳ್ಳೇಗಾಲದ ರೇಷ್ಮೆಯ ಮಾತು ಬಂದರೆ ಜನ ಜರತಾರಿ ಸೀರೆ, ಪಂಚೆ, ದೇವಾಂಗರ ಮಗ್ಗಗಳನ್ನು ನೆನೆಯುತ್ತಾರೆ. ಆ ಸೀರೆಯ ಹಿಂದಿನ ಹೊಲ ಯಾರಿಗೂ ನೆನಪಾಗುವುದಿಲ್ಲ. ಮದರಾಸು ಪ್ರಾಂತ್ಯ ಇದ್ದಷ್ಟು ಕಾಲವೂ ಆ ಪ್ರಾಂತ್ಯದ ಹಿಪ್ಪುನೇರಳೆಯ ಬಹುಪಾಲು ಇದ್ದುದು ಈ ಒಂದು ತಾಲ್ಲೂಕಿನಲ್ಲೇ. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿ ಬೆಲೆ ಏರಿದ್ದನ್ನು ಮಾವ ತಾವೇ ಯುದ್ಧ ಗೆದ್ದವರ ಧಾಟಿಯಲ್ಲಿ ಹೇಳುತ್ತಿದ್ದರು. ನೀರಾವರಿ ಇಲ್ಲದ ಕೆಮ್ಮಣ್ಣಿನ ಹೊಲ. ಮಳೆಯನ್ನೇ ನಂಬಿದ ಕಡ್ಡಿಸೊಪ್ಪು. ಮಳೆ ಬಂದರೆ ಸೊಪ್ಪು, ಸೊಪ್ಪಿದ್ದರೆ ಹುಳು.

ಹುಳುಮನೆ ಎಂದು ಬೇರೆ ಕಟ್ಟಡವೇನೂ ಇರಲಿಲ್ಲ. ನಾವು ಇದ್ದ ಮನೆಯೇ ಹುಳುಮನೆ. ಪಡಸಾಲೆಯ ಉದ್ದಕ್ಕೂ ಬಿದಿರಿನ ಗಳದ ಅಟ್ಟಣೆ, ಅದರ ಮೇಲೆ ಅಂತಸ್ತು ಅಂತಸ್ತಾಗಿ ಸಗಣಿ ಸಾರಿಸಿದ ಬಿದಿರು ತಟ್ಟೆಗಳು. ಇರುವೆ ಹತ್ತದಂತೆ ಅಟ್ಟಣೆಯ ಕಾಲುಗಳನ್ನು ನೀರು ತುಂಬಿದ ಕಲ್ಲು ಬಟ್ಟಲಲ್ಲಿ ಇಳಿಬಿಟ್ಟಿರುತ್ತಿದ್ದರು. ನೂರು ಮೊಟ್ಟೆ ತಂದರು ಎಂದರೆ ನೂರು ಹುಳು ಎಂದು ತಿಳಿಯಬಾರದು. ನೂರು ಚಿಟ್ಟೆ ಇಟ್ಟ ಮೊಟ್ಟೆ ಅದು, ಹತ್ತಿರ ಹತ್ತಿರ ನಲವತ್ತು ಸಾವಿರ ಹುಳು. ಮೊಟ್ಟೆ ಒಡೆದ ದಿನ ಕಾಗದದ ಮೇಲೆ ಕಪ್ಪು ಪುಡಿ ಚೆಲ್ಲಿದ ಹಾಗೆ ಕಾಣುತ್ತದೆ. ಕಣ್ಣು ಹತ್ತಿರಕ್ಕೆ ತಂದರೆ ಪುಡಿ ಹರಿದಾಡುತ್ತಿರುತ್ತದೆ. ಅತ್ತೆ ಕೋಳಿಯ ಒಂದು ಗರಿ ಹಿಡಿದು, ಉಸಿರು ಬಿಗಿಹಿಡಿದು, ಆ ಪುಡಿಯನ್ನು ಸೊಪ್ಪಿನ ಮೇಲಕ್ಕೆ ಸರಿಸುತ್ತಿದ್ದರು. ಸೊಪ್ಪನ್ನೂ ಎಳೆಯ ಎಲೆ ಆರಿಸಿ, ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿರಬೇಕು. ಇದಕ್ಕೆ ಚಾಕಿ ಎನ್ನುತ್ತಾರೆ. ಚಾಕಿ ಕೆಟ್ಟರೆ ಬೆಳೆ ಕೆಟ್ಟಂತೆ. ಮಾವ ಆ ಹತ್ತು ದಿನ ಹುಳುವಿನ ಹತ್ತಿರ ಸುಳಿಯುತ್ತಿರಲಿಲ್ಲ, ಸುಳಿಯಲು ಅತ್ತೆ ಬಿಡುತ್ತಲೂ ಇರಲಿಲ್ಲ.

ಅದಕ್ಕೆ ಕಾರಣ ಬೀಡಿ. ಮಾವ ಬೀಡಿ ಸೇದಿ ಬಂದರೆ ಅತ್ತೆ ಬಾಗಿಲಲ್ಲೇ ತಡೆಯುವರು. ಕೈ ತೊಳೆದರೂ ಸಾಲದು, ಬಟ್ಟೆ ಬದಲಿಸಬೇಕು. ಇದು ಮಡಿಯ ವಿಷಯವೆಂದು ನಾವು ನಗುತ್ತಿದ್ದೆವು. ಹೊಗೆಸೊಪ್ಪಿನ ನಿಕೋಟಿನ್ ರೇಷ್ಮೆ ಹುಳುವಿಗೆ ನಿಜವಾಗಿಯೂ ವಿಷ ಎಂದು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಚಪ್ಪಲಿ ಹೊರಗೆ, ಒಗ್ಗರಣೆ ಹಿತ್ತಲಲ್ಲಿ, ಬೇರೆ ಹುಳುಮನೆಗೆ ಹೋಗಿಬಂದ ನೆಂಟರು ಜಗಲಿಯಲ್ಲಿ. ಅತ್ತೆಯ ಕಾನೂನುಗಳಲ್ಲಿ ಅರ್ಧ ನಂಬಿಕೆ, ಅರ್ಧ ವಿಜ್ಞಾನ. ಎರಡನ್ನೂ ಒಂದೇ ಗದರಿಕೆಯಲ್ಲಿ ಜಾರಿಗೆ ತರುತ್ತಿದ್ದರು.

ಹುಳುವಿಗೆ ನಾಲ್ಕು ಜ್ವರ ಬರುತ್ತದೆ. ನಿಜವಾದ ಜ್ವರವಲ್ಲ, ಚರ್ಮ ಕಳಚುವ ಹೊತ್ತು. ತಿನ್ನುವುದು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲುಗಾಡದೆ ಕುಳಿತುಬಿಡುತ್ತವೆ. 'ಹುಳ ಜರಕ್ಕ ಕುಂತವ, ಗದ್ಲ ಮಾಡ್ಬೇಡಿ' ಎಂದು ಅತ್ತೆ ಹೇಳಿದರೆ ನಾವು ಕುಂಟಾಬಿಲ್ಲೆಯನ್ನು ಬೀದಿಯ ಕೊನೆಗೆ ಒಯ್ಯಬೇಕು. ಆ ಒಂದು ದಿನ ಮಾತ್ರ ಅತ್ತೆಗೂ ಬಿಡುವು. ತಲೆಗೆ ಎಣ್ಣೆ ಹಚ್ಚುವುದು, ಹೇನು ನೋಡುವುದು, ಯಳಂದೂರಿನ ಕಥೆ ಹೇಳುವುದು ಎಲ್ಲ ಜ್ವರದ ದಿನವೇ. ಗೌರೀಶ್ವರ ದೇವಸ್ಥಾನದ ಬಳೆ ಮಂಟಪದಲ್ಲಿ ಕಲ್ಲಿನಲ್ಲೇ ಕಡೆದ ಬಳೆಗಳ ಸರವನ್ನು ಚಿಕ್ಕಂದಿನಲ್ಲಿ ಕೈಯೆತ್ತಿ ಮುಟ್ಟಲು ಹಾರುತ್ತಿದ್ದರಂತೆ. ಅದು ಕೈಗೆ ಎಟುಕುವಷ್ಟು ಉದ್ದ ಬೆಳೆಯುವ ಮೊದಲೇ ಮದುವೆಯಾಯಿತು ಎಂದು ನಗುತ್ತ ಹೇಳುವರು. ಆಗ ನಮಗೂ ನಗುವಿನ ಮಾತೇ.

ನಾಲ್ಕನೆಯ ಜ್ವರ ಎದ್ದ ಮೇಲೆ ಮನೆ ಮನೆಯಾಗಿ ಉಳಿಯುವುದಿಲ್ಲ. ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಐದು ಪಾಲಿನಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಆ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಹೊಲಕ್ಕೆ ಹೋಗಿ ಸೊಪ್ಪು ಕೊಯ್ಯಬೇಕು, ಒದ್ದೆ ಬಟ್ಟೆ ಮುಚ್ಚಿ ಬಾಡದಂತೆ ಇಡಬೇಕು, ಹಿಕ್ಕೆ ತೆಗೆದು ಹಸುವಿಗೆ ಹಾಕಬೇಕು, ರಾತ್ರಿ ಎದ್ದು ಮತ್ತೆ ಸೊಪ್ಪು ಹಾಕಬೇಕು. ಪಡಸಾಲೆ ಹುಳುವಿಗೆ ಬಿಟ್ಟು ನಾವೆಲ್ಲ ಜಗಲಿಯಲ್ಲಿ ಮಲಗುತ್ತಿದ್ದೆವು. ಒಳಗೆ ಲಾಟೀನು ಹಿಡಿದು ಅತ್ತೆ ಓಡಾಡುವುದು ಗೋಡೆಯ ಮೇಲಿನ ನೆರಳಿನಲ್ಲಿ ಕಾಣುತ್ತಿತ್ತು. ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಆ ಮನೆಗೆ ಅಷ್ಟೇನೂ ದೂರವಿಲ್ಲದ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ತಯಾರಾಗಿ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಹರಿದಿತ್ತು. ಎಪ್ಪತ್ತು ವರ್ಷದ ಮೇಲೂ ಅತ್ತೆಯ ಕೈಯಲ್ಲಿ ಇದ್ದುದು ಸೀಮೆಎಣ್ಣೆಯ ಲಾಟೀನು.

ಆ ವಾರ ಅತ್ತೆಯ ಒಂದೇ ಮಾತು: 'ಹುಳ ಉಣ್ಲಿ ಮೊದ್ಲು, ಆಮ್ಯಾಕ ನಾವು.' ಮಕ್ಕಳ ಮುನಿಸು, ಮಾವನ ಹಸಿವು ಎಲ್ಲ ಎರಡನೆಯ ಪಂಕ್ತಿ. ನೆಂಟರ ಮಕ್ಕಳನ್ನು ತಲೆಯ ಮೇಲೆ ಹೊತ್ತು ಮೆರೆಸುವ ಅತ್ತೆಯಂದಿರ ಬಗ್ಗೆ ಬಹಳ ಜನ ಬರೆದಿದ್ದಾರೆ. ನಮ್ಮತ್ತೆ ಆ ಪೈಕಿ ಅಲ್ಲ. ನಮಗೂ ಕೆಲಸ ಹಚ್ಚುವರು. ಹುಳು ಹಣ್ಣಾದಾಗ ನಮ್ಮ ಸರದಿ. ಹಣ್ಣಾದ ಹುಳು ಬಿಳುಪು ಕಳೆದು ಮೈ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ, ಬೆಳಕಿಗೆ ಹಿಡಿದರೆ ಒಳಗೆ ತಿಳಿಯಾಗಿ ಕಾಣುತ್ತದೆ, ಸೊಪ್ಪು ಕೊಟ್ಟರೂ ಮೂಸುವುದಿಲ್ಲ. ಅಂಥವನ್ನು ಆರಿಸಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ಎಳೆ ಬಿಟ್ಟು ದಂಡವಾಗುತ್ತದೆ. ಹಣ್ಣಾಗದ್ದನ್ನು ಬಿಟ್ಟರೆ ಗೂಡು ಪೊಳ್ಳು. ದೊಡ್ಡವರ ಬೆರಳಿಗಿಂತ ಮಕ್ಕಳ ಬೆರಳು ಮೆತ್ತಗೆ, ಕಣ್ಣು ಚುರುಕು. ಅತ್ತೆ ಹಿಂದೆ ನಿಂತು, 'ಅದ ಬುಡು, ಇನ್ನೂ ಕಾಯಿ' ಎಂದು ಸೊಂಟಕ್ಕೆ ಕೈಕೊಟ್ಟು ನೋಡುತ್ತಿದ್ದರು. ಜೀವಮಾನದಲ್ಲಿ ನನ್ನನ್ನು ಯಾರಾದರೂ ಒಂದು ಕಸುಬಿಗೆ ತಯಾರು ಮಾಡಿದ್ದರೆ ಅದು ಆ ಪಡಸಾಲೆಯಲ್ಲಿ.

ಗೂಡು ಬಿಡಿಸುವ ದಿನ ಅತ್ತೆ ಒಂದೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಒಳಗಿನ ಕೋಶ ಟಕ್ ಎಂದರೆ ಗೂಡು ಸರಿಯಾಗಿದೆ. ಸದ್ದಿಲ್ಲದಿದ್ದರೆ ಒಳಗೆ ಕೊಳೆತಿದೆ. ಹಳದಿ ಗೂಡಿನ ರಾಶಿ ಅಂಗಳದಲ್ಲಿ ಸುರಿದಾಗ ಬೆಲೆ ಎಷ್ಟು ಬರಬಹುದೆಂದು ಅವರೇ ಹೇಳಿಬಿಡುತ್ತಿದ್ದರು. ಆಮೇಲೆ ಮಾವ ಚೀಲ ಬಸ್ಸಿನ ಮೇಲೆ ಹಾಕಿಸಿ ಕೊಳ್ಳೇಗಾಲಕ್ಕೆ. ರಾತ್ರಿ ಬರುವಾಗ ನಮಗೆ ಬೆಂಡು ಬತ್ತಾಸು, ಅತ್ತೆಗೆ ಎಲೆಅಡಿಕೆ, ಜೇಬಿನಲ್ಲಿ ದುಡ್ಡು. ಅತ್ತೆ ಒಟ್ಟು ದುಡ್ಡು ಎಷ್ಟೆಂದು ಕೇಳುತ್ತಿರಲಿಲ್ಲ, 'ಏನ್ ರೇಟು?' ಎಂದು ಕೇಳುವರು. ತನ್ನ ಅಂದಾಜು ಸರಿಯೋ ತಪ್ಪೋ ಎಂಬುದು ಆಕೆಗೆ ಮುಖ್ಯ. ದುಡ್ಡು ಮಾವನ ಪೆಟ್ಟಿಗೆಗೆ ಹೋಗುತ್ತಿತ್ತು. ಹರಕು ಗೂಡು, ಕಳಪೆ ಗೂಡು ಮಾರಿ ಬಂದ ಚಿಲ್ಲರೆ ಅತ್ತೆಯದು.

ಮನೆಯಲ್ಲಿ ಒಂದು ಟ್ರಾನ್ಸಿಸ್ಟರ್ ಇತ್ತು. ಸಂಜೆ ಮಾವ ಆಕಾಶವಾಣಿಯ ಕೃಷಿರಂಗ ಹಾಕುವರು. 'ರೈತ ಬಾಂಧವರೇ' ಎಂದು ಅಲ್ಲಿ ಶುರುವಾಗುತ್ತಿದ್ದಂತೆ, ಒಳಗೆ ಸೊಪ್ಪು ಹೆಚ್ಚುತ್ತಿದ್ದ ಅತ್ತೆ, 'ಹೇಳಪ್ಪ, ಕೇಳ್ತಾ ಇವ್ನಿ' ಎಂದು ಉತ್ತರ ಕೊಡುವರು. ಮಾವ ಆ ಹೊತ್ತಿಗೆ ತೂಕಡಿಸುತ್ತಿರುತ್ತಿದ್ದರು. ಇಂದು ಇದೇ ಬಾನುಲಿಯಲ್ಲಿ ಅವರ ವಿಷಯ ಹೇಳುತ್ತಿರುವುದು ನನಗೆ ಸಣ್ಣ ಸಂತೋಷವಲ್ಲ.

ದಸರಾ ರಜೆಯ ಸೊಗಸು ಬೇರೆ. ಆಗ ಜೋಳ ತೆನೆ ಕಟ್ಟುತ್ತಿರುತ್ತದೆ, ಹುಚ್ಚೆಳ್ಳು ಹೂವಾಗಿರುತ್ತದೆ, ಬೆಟ್ಟದಿಂದ ಆನೆ, ಹಂದಿ ಇಳಿಯುತ್ತವೆ. ಹೊಲದ ನಡುವೆ ಮರದ ಮೇಲೆ ಅಟ್ಟಣೆ ಕಟ್ಟಿ ಗಂಡಸರು ಕಾವಲು ಕೂರುವರು. ನಮಗೂ ಅಟ್ಟಣೆ ಹತ್ತುವ ಆಸೆ. ಹಗಲು ಗಿಳಿ ಓಡಿಸಲು ಮಾತ್ರ ಅಪ್ಪಣೆ. ಒಂದು ಸಲ ಕತ್ತಲಾದ ಮೇಲೆ ಪಕ್ಕದ ಹೊಲಕ್ಕೆ ಆನೆ ಬಂದು, ಊರಿಗೆ ಊರೇ ತಮಟೆ, ತಗಡು ಹಿಡಿದು ಓಡಿತು. ಬೆಳಿಗ್ಗೆ ನೋಡಿದರೆ ಮಡಿಯೊಂದು ಪೂರ್ತಿ ಮಲಗಿತ್ತು. ಅತ್ತೆ ಆ ಹೊಲದವರಿಗೆ ರಾಗಿ ಅಳೆದು ಕೊಟ್ಟು ಬಂದರು. ಆನೆಯನ್ನು ಬಯ್ಯಲಿಲ್ಲ. ಆನೆಗೆ ಆ ಭಾಗದಲ್ಲಿ ಯಾರೂ ಬಯ್ಯುವುದಿಲ್ಲ.

ಯುಗಾದಿ ತಡವಾಗಿ ಬಂದ ವರ್ಷ ಬೇಸಿಗೆ ರಜೆಯಲ್ಲೇ ಪರಸೆಯವರು ಸಿಗುತ್ತಿದ್ದರು. ಮಲೆ ಮಾದೇಶ್ವರ ಬೆಟ್ಟಕ್ಕೆ ನಡೆದು ಹೋಗುವ ಜನ, ಕೊಳ್ಳೇಗಾಲ, ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದಲ್ಲಿ ಬೆಟ್ಟ ಹತ್ತುವವರು. ಹಗಲೂ ರಾತ್ರಿ 'ಉಘೇ ಮಾದಪ್ಪ' ಕೇಳುತ್ತಿತ್ತು. ಅತ್ತೆ ರಸ್ತೆಯ ಹುಣಸೆಮರದ ಕೆಳಗೆ ಗುಡಾಣದಲ್ಲಿ ನೀರುಮಜ್ಜಿಗೆ ಇಡುವರು. ರಾತ್ರಿ ತಂಗಿದ ದೇವರಗುಡ್ಡರು ಕಂಸಾಳೆ ಹಿಡಿದು ಸಂಕಮ್ಮನ ಸಾಲು ಹಾಡಿದರೆ ಊರೆಲ್ಲ ಸೇರುತ್ತಿತ್ತು. ಕಥೆ ನಿಮಗೆ ಗೊತ್ತು. ಸೋಲಿಗರ ನೀಲಯ್ಯ ಜೇನಿಗೆ ಕಾಡಿಗೆ ಹೊರಡುವ ಮುಂಚೆ ಹೆಂಡತಿಯ ಶೀಲದ ಮೇಲೆ ಅನುಮಾನಪಟ್ಟು ಅವಳನ್ನು ಕಟ್ಟಿಹಾಕಿ ಹೋಗುತ್ತಾನೆ. ಮಾದಪ್ಪ ಬಂದು ಕಾಪಾಡುತ್ತಾನೆ, ಮಕ್ಕಳ ಫಲ ಕೊಡುತ್ತಾನೆ. ಕೇಳಿದ ಹೆಂಗಸರು ಕಣ್ಣೊರೆಸಿಕೊಳ್ಳುವರು. ಅತ್ತೆಯ ಪ್ರಶ್ನೆ ಬೇರೆ: 'ಮಾದಪ್ಪ ಬಂದ, ಸರಿ. ಅವನು ಬರೂಗಂಟ ಅವಳ್ಗ ಹಿಟ್ಟು ಇಕ್ದೋರು ಯಾರು?' ಹಾಡುತ್ತಿದ್ದ ಗುಡ್ಡ ಕಂಸಾಳೆ ನಿಲ್ಲಿಸಿ, 'ಅದು ಹಾಡ್ನಲ್ಲಿ ಇಲ್ಲ ಕನವ್ವ' ಎಂದ. ಎಲ್ಲರೂ ನಕ್ಕರು.

ರಜೆ ಮುಗಿದು ಹೊರಡುವಾಗ ಗಾಡಿಯ ತುಂಬ ಗಂಟು. ರಾಗಿ, ಹುರುಳಿ, ಅವರೆ, ಹುಣಸೆಹಣ್ಣು, ಹುರಿಟ್ಟು, ಒಂದು ಡಬ್ಬ ತುಪ್ಪ. ಮೈಸೂರಿನ ನಮ್ಮ ಮನೆಯಲ್ಲಿ ರಾಗಿ ಕೊಂಡ ನೆನಪೇ ನನಗಿಲ್ಲ. ಇದಕ್ಕೆ ಪ್ರತಿಯಾಗಿ ಅಪ್ಪ ಗೌರಿ ಹಬ್ಬಕ್ಕೆ ಅಕ್ಕನಿಗೆ ಅರಿಶಿಣ ಕುಂಕುಮದ ದುಡ್ಡೆಂದು ಮನಿಯಾರ್ಡರ್ ಕಳಿಸುತ್ತಿದ್ದರು. ಚಿಕ್ಕ ಮೊತ್ತ. ಅತ್ತೆ ಆ ಮನಿಯಾರ್ಡರ್ ಚೀಟಿಯ ತುಂಡುಗಳನ್ನು ದೇವರ ಗೂಡಿನಲ್ಲಿ ಕೂಡಿಟ್ಟಿದ್ದರು.

ಅಜ್ಜ ತೀರಿಕೊಂಡ ಮೇಲೆ ಯಳಂದೂರಿನ ಗದ್ದೆ ಪಾಲಾಯಿತು. ತಂದೆಯ ಪಾಲಿನಲ್ಲಿ ಮಗಳಿಗೂ ಹಕ್ಕುಂಟು ಎಂದು 1956ರ ಹಿಂದೂ ಉತ್ತರಾಧಿಕಾರ ಕಾನೂನು ಹೇಳಿತ್ತು. ಹೇಳಿದ್ದರಿಂದಲೇ ಅತ್ತೆಯ ಸಹಿ ಬೇಕಾಗಿತ್ತು, ನನಗೆ ಬೇಡ ಎಂಬ ಸಹಿ. ಅವರನ್ನು ಕರೆಸಿದರು. ಬಂದರು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು, ಮಧ್ಯಾಹ್ನ ಒಬ್ಬಟ್ಟಿನ ಊಟ ಮಾಡಿದರು, ಕೊಟ್ಟ ಸೀರೆ ತೆಗೆದುಕೊಂಡು ಸಂಜೆಯ ಬಸ್ಸಿಗೆ ಹೊರಟರು. ನೀರಾವರಿ ಗದ್ದೆ ಅದು. ಆಕೆಯ ಗಂಡನ ಮನೆಯ ಕೆಮ್ಮಣ್ಣಿನ ಹತ್ತು ಪಟ್ಟು ಬೆಲೆ ಬಾಳುವಂಥದ್ದು. ದೊಡ್ಡವಳಾದ ಮೇಲೆ ನಾನು ಕೇಳಿದೆ, ಯಾಕೆ ಬಿಟ್ಟಿರಿ ಎಂದು. 'ತವ್ರು ಬಾಗ್ಲು ತೆರ್ದಿದ್ರ ಸಾಕು ಕನ ಸೊಸ' ಎಂದರು. ಬಾಗಿಲು ತೆರೆದಿರುವುದಕ್ಕೆ ಗದ್ದೆ ಕೊಡಬೇಕಾದ ತವರು ಎಂಥ ತವರು ಎಂದು ನನಗೆ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದಲ್ಲಿ ಸಮಭಾಗಿಗಳನ್ನಾಗಿ ಮಾಡಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಷರತ್ತು ತೆಗೆದರೂ ಹಳೆಯ ಪಾಲುಪಾರೀಕತ್ತುಗಳನ್ನು ಮುಟ್ಟಲಿಲ್ಲ. ಪ್ರತಿ ಸಲವೂ ಕಾನೂನು ಬಂದು ಮುಟ್ಟುವ ಹೊತ್ತಿಗೆ ನಮ್ಮತ್ತೆಯಂಥವರ ಬಸ್ಸು ಹೊರಟುಹೋಗಿರುತ್ತಿತ್ತು.

ಮುಂದಿನ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಹುಳುವಿನ ಮೈಮೇಲೆ ಮೊಟ್ಟೆ ಇಡುವ ನೊಣ. ಅದರ ಮರಿ ಹುಳುವನ್ನೇ ತಿಂದು ಹೊರಬರುತ್ತದೆ, ತೂತಾದ ಗೂಡಿನಿಂದ ನೂಲು ತೆಗೆಯಲಾಗುವುದಿಲ್ಲ. ಅತ್ತೆ ಕಿಟಕಿ ಬಾಗಿಲಿಗೆಲ್ಲ ಸೊಳ್ಳೆಪರದೆ ಹೊಡೆಸಿ ಒಂದಷ್ಟು ವರ್ಷ ಹೋರಾಡಿದರು. ಆಮೇಲೆ ಕಾಡುಗಳ್ಳ ವೀರಪ್ಪನ್ ಕಾಲ. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆದ ಮೇಲೆ ಆ ಕಡೆಗೆ ಮಕ್ಕಳನ್ನು ಕಳಿಸುವ ಧೈರ್ಯ ಯಾರಿಗೂ ಉಳಿಯಲಿಲ್ಲ; ನಮ್ಮ ಮನೆಯ ಮುಂದಿನ ತಲೆಮಾರಿಗೆ ಅತ್ತೆಯ ಊರಿನ ರಜೆ ಸಿಗಲೇ ಇಲ್ಲ. 2002ರ ಆಗಸ್ಟಿನಲ್ಲಿ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಕಾಮಗೆರೆಯ ಮನೆಯಿಂದಲೇ ಹೊತ್ತೊಯ್ದಾಗ ಅತ್ತೆಯನ್ನು ಮೈಸೂರಿಗೆ ಬಂದಿರಿ ಎಂದು ಕರೆದೆವು. 'ಹಸ ಕರ ಯಾರ್ ನೋಡ್ಕತಾರ?' ಎಂದು ಬರಲಿಲ್ಲ. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತ ಸುದ್ದಿ ರೇಡಿಯೋದಲ್ಲಿ ಬಂದಾಗ ಅತ್ತೆ ಕೇಳಿದ್ದು ಒಂದೇ ಮಾತಂತೆ: 'ಇನ್ನಾರೂ ರಾತ್ರಿ ಬಸ್ ಬತ್ತದಾ?'

ಅಷ್ಟರಲ್ಲಿ ಮಾವ ಹೋಗಿದ್ದರು. ಗಂಡನ ಆಸ್ತಿಯಲ್ಲಿ ಹೆಂಡತಿಗೆ ಮಕ್ಕಳಷ್ಟೇ ಪಾಲುಂಟು. ಅದು 1956ರಿಂದಲೂ ಇರುವ ಕಾನೂನು. ಪೌತಿ ಖಾತೆ ಮಾಡಿಸುವಾಗ ಅತ್ತೆ ಮತ್ತೊಂದು ಸಹಿ ಹಾಕಿದರು. ಖಾತೆ ಗಂಡುಮಕ್ಕಳ ಹೆಸರಿಗೆ ಬಂತು. ಕೊಳವೆಬಾವಿ ಬಂತು, ಮುಸುಕಿನ ಜೋಳ ಬಂತು, ಅರಿಶಿಣ ಬಂತು, ಕಡ್ಡಿಸೊಪ್ಪಿನ ಬೇರು ಕಿತ್ತರು. ಬಿದಿರು ತಟ್ಟೆಗಳು ಕೊಟ್ಟಿಗೆಯ ಅಟ್ಟ ಸೇರಿದವು. ಅದನ್ನು ತಪ್ಪೆನ್ನಲಾರೆ, ಹುಳು ಸಾಕುವುದಕ್ಕೆ ಅತ್ತೆಯಂಥ ಒಬ್ಬರು ಬೇಕು, ಅಂಥ ದುಡಿಮೆಗೆ ಆಳು ಕೂಲಿಗೆ ಸಿಗುವುದಿಲ್ಲ.

ಅತ್ತೆ ತೀರಿಕೊಂಡ ಮೇಲೆ ಏನೋ ಕೆಲಸದ ನಿಮಿತ್ತ ಆ ಜಮೀನಿನ ಹಳೆಯ ಪಹಣಿಗಳನ್ನು ನೋಡುವ ಸಂದರ್ಭ ಬಂತು. 9ನೇ ಕಾಲಂ ಮಾಲೀಕರದ್ದು. ಅಲ್ಲಿ ಮೊದಲು ಮಾವನ ಹೆಸರು, ಆಮೇಲೆ ಮಕ್ಕಳ ಹೆಸರು. 12ನೇ ಕಾಲಂ ಸಾಗುವಳಿ ಮಾಡಿದವರದ್ದು. ಅಲ್ಲೂ ಅವರೇ. ಬೆಳೆ ಹಿಪ್ಪುನೇರಳೆ ಎಂದು ವರ್ಷ ವರ್ಷವೂ ನಮೂದಾಗಿತ್ತು. ಚಾಕಿ ಮಾಡಿದವರ, ಜ್ವರ ಕಾದವರ, ನಡುರಾತ್ರಿ ಲಾಟೀನು ಹಿಡಿದು ಸೊಪ್ಪು ಹಾಕಿದವರ ಹೆಸರು ಎರಡು ಕಾಲಮ್ಮಿನಲ್ಲೂ ಇರಲಿಲ್ಲ. ಯಳಂದೂರಿನ ಗದ್ದೆಯ ಪಹಣಿಯಲ್ಲಂತೂ ಇರುವ ಮಾತೇ ಇಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರಿನ ಕೇಳುಗರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಮನೆಯಲ್ಲಿ ಇಂಥ ಅತ್ತೆಯೋ ದೊಡ್ಡವ್ವನೋ ಇನ್ನೂ ಇದ್ದರೆ, ಈ ಸಲದ ಗೌರಿ ಹಬ್ಬಕ್ಕೆ ಬಾಗಿನ ಕೊಡುವ ಮುಂಚೆ ನಾಡಕಚೇರಿಗೆ ಹೋಗಿ ಒಂದು ಪಹಣಿ ತೆಗೆಸಿ ನೋಡಿ. ಪೌತಿ ಖಾತೆ ಇನ್ನೂ ಆಗಬೇಕಾಗಿದ್ದರೆ ಅರ್ಜಿಯಲ್ಲಿ ಅವರ ಹೆಸರನ್ನೂ ಸೇರಿಸಿ. ಅವರು ಬೇಡವೆನ್ನುತ್ತಾರೆ. ಬೇಡವೆಂದರೂ ಸೇರಿಸಿ.